ತೂಬಿನ ಕೋಲು ಹಿಡಿದ ಕೈ

ಎಡಗೈ ಎಂದು ಮೊದಲು ಹೇಳಿದ್ದು ನಾನೋ ಆ ಅಜ್ಜಿಯೋ, ನನಗೆ ಖಚಿತವಿಲ್ಲ. ಸಭೆಯಲ್ಲಿದ್ದವರನ್ನು ಆಮೇಲೆ ಕೇಳಿ ನೋಡಿದೆ. ಒಬ್ಬರು ನಾನೇ ಎಂದರು, ಇನ್ನೊಬ್ಬರು ಅಜ್ಜಿಯೇ ಎಂದರು, ಮತ್ತೊಬ್ಬರಿಗೆ ಅವತ್ತಿನ ಬೋಂಡ ತಣ್ಣಗಾಗಿತ್ತೆಂಬುದಷ್ಟೇ ನೆನಪಿತ್ತು.

ವರ್ತೂರಿನ ಆಚೆಗಿರುವ ನಮ್ಮೂರಿನಲ್ಲಿ ಸ್ಥಳೀಯ ಇತಿಹಾಸದ ಬಳಗವೊಂದಿದೆ. ಅಪಾರ್ಟ್‌ಮೆಂಟುಗಳ ಕೆಲವರು, ಊರಿನ ಹಳೆಯ ಮನೆಗಳ ಕೆಲವರು ಸೇರಿ ಕಟ್ಟಿದ್ದು. ತಿಂಗಳಿಗೊಂದು ಭಾನುವಾರ ಮದುವೆ ಛತ್ರದ ಊಟದ ಹಾಲಿನಲ್ಲಿ ಉಪನ್ಯಾಸ. ಇತಿಹಾಸದಲ್ಲಿ ಎಂ.ಎ. ಮಾಡಿದವನೆಂದು ಅಧ್ಯಕ್ಷತೆಗೆ ನನ್ನನ್ನು ಕೂರಿಸುತ್ತಿದ್ದರು. ಆ ವರ್ಷ ಒಬ್ಬರು ವೀರಗಲ್ಲುಗಳ ಬಗ್ಗೆ ಮಾತಾಡಿದರು, ಒಬ್ಬರು ಅಳಿದುಹೋದ ದ್ರಾಕ್ಷಿ ತೋಟಗಳ ಬಗ್ಗೆ. ನಿವೃತ್ತ ಫಿಟರ್ ಒಬ್ಬರು ದೊಡ್ಡನೆಕ್ಕುಂದಿಯ ಕಾರ್ಖಾನೆಗಳ ಸೈರನ್ನುಗಳನ್ನು ಬಾಯಲ್ಲೇ ಕೂಗಿ ತೋರಿಸಿ ಚಪ್ಪಾಳೆ ಗಿಟ್ಟಿಸಿದರು. ಕೊನೆಯ ಉಪನ್ಯಾಸ ನೀರುಗಂಟಿಗಳದು, ಅಂದರೆ ಕೆರೆಯ ತೂಬು ತೆರೆದು ಗದ್ದೆಗಳಿಗೆ ನೀರು ಬಿಡುತ್ತಿದ್ದವರದು.

ಅವತ್ತು ಹಾಲಿನಲ್ಲಿ ಜನ ತುಂಬಿದ್ದಕ್ಕೆ ಬೇರೆ ಕಾರಣವಿತ್ತು. ಕೆರೆ ತುಂಬಿ ಕೋಡಿ ಬಿದ್ದರೆ ಗಂಗೆ ಪೂಜೆ ಮಾಡುವುದು, ಮೊದಲ ಬಾಗಿನವನ್ನು ನೀರುಗಂಟಿಯ ಮನೆಯವರು ಬಿಡುವುದು ನಮ್ಮೂರಿನ ಪದ್ಧತಿ. ಕೊಳಚೆ ನೀರು ಬಂದು ಕೆರೆ ವರ್ಷವಿಡೀ ಕೋಡಿ ಬೀಳತೊಡಗಿದ ಮೇಲೆ ಪೂಜೆ ಯಾವಾಗ ಮಾಡಬೇಕೆಂದು ತಿಳಿಯದೆ ಊರು ಅದನ್ನು ಕೈಬಿಟ್ಟಿತ್ತು. ಈಗ ಅಪಾರ್ಟ್‌ಮೆಂಟಿನವರು ಕೆರೆ ಹಬ್ಬವೆಂದು ಅದನ್ನು ಮತ್ತೆ ಶುರುಮಾಡಲು ಹೊರಟಿದ್ದರು. ಮೊದಲ ಬಾಗಿನ ಯಾರ ಮನೆಯದು? ಇತಿಹಾಸದವರೇ ಹೇಳಲಿ ಎಂದು ಅದನ್ನು ನಮ್ಮ ತಲೆಗೆ ಕಟ್ಟಿದ್ದರು.

ಉಪನ್ಯಾಸ ಮುಗಿಸಿದವರು ಪ್ರಶ್ನೆಗಳಿವೆಯೇ ಎಂದರು. ಬಾಡಿಗೆ ಮನೆಗಳ ಸಾಲನ್ನೇ ಕಟ್ಟಿಸಿರುವ ಊರಿನ ಯಜಮಾನರೊಬ್ಬರು ಎದ್ದರು.

"ಪ್ರಶ್ನೆ ಏನಿಲ್ಲ ಸಾರ್. ತೂಬು ಎತ್ತಿದ್ದು ನಮ್ಮ ತಾತ. ಬರ್ಕೊಳ್ಳಿ."

ಹಿಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಕೂತಲ್ಲಿಂದಲೇ, "ನಿಮ್ಮ ತಾತ ಕೆರೆಗಿಳ್ದಿದ್ದು ಎಮ್ಮೆ ತೊಳ್ಯಕ್ಕೆ ಕಣಪ್ಪ" ಎಂದರು. ಹಾಲೆಲ್ಲ ನಕ್ಕಿತು. ತನ್ನ ಮಾವನೇ ನೀರುಗಂಟಿಯಾಗಿದ್ದ ಎಂಬುದು ಆ ಅಜ್ಜಿಯ ಮಾತು.

"ಏನಮ್ಮೋ, ನಾಲ್ಗೆ ಬಿಗಿ ಇಡ್ದು ಮಾತಾಡು."

"ಯಾಕಪ್ಪ ಬಿಗಿ ಇಡೀಲಿ? ಆವಾಗ ನೀರುಗಂಟಿ ಮನೇರು ಅಂತ ನಮ್ಮುನ್ನ ನಿಮ್ಮ ಜಗ್ಲಿ ಅತ್ತುಸ್ತಿರ್ಲಿಲ್ಲ. ಈವಾಗ ಬಾಗಿನ ಅಂದೇಟ್ಗೆ ನೀವೇ ನೀರುಗಂಟಿ ಆಗ್ಬುಟ್ರಾ?"

ನಗು ನಿಂತಿತು. ಯಜಮಾನರ ಇಬ್ಬರು ಮಕ್ಕಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಅಜ್ಜಿ ಅವರ ಕಡೆ ನೋಡದೆ ನನ್ನತ್ತ ಕೈ ಚಾಚಿದರು.

"ಲೋ, ನೀನು ಚಿಕ್ಕೋನಿದ್ದಾಗ ಯಾವಾಗ್ಲೂ ಏರಿ ಮ್ಯಾಲೇ ಬಿದ್ದಿರ್ತಿದ್ದೆ. ನಮ್ಮಾವನ್ನ ನೋಡಿದ್ದೀಯ. ಎಲ್ರ ಮುಂದೆ ಯೋಳು."

ನನ್ನ ತಲೆಯಲ್ಲಿ ಒಬ್ಬ ಗಂಡಸು ಇದ್ದದ್ದು ನಿಜ. ಸೊಂಟದವರೆಗೆ ನೀರು, ತಲೆಗೆ ಸುತ್ತಿದ ಟವೆಲ್, ತೂಬಿನ ಕಂಬಗಳ ನಡುವಿನ ಕೋಲನ್ನು ಮೇಲಕ್ಕೆ ಎಳೆಯುತ್ತಿದ್ದಾನೆ. ಆದರೆ ಅವನಿಗೆ ಮುಖವಿರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಸ್ವಲ್ಪ ಹೊತ್ತಿನ ಹಿಂದಷ್ಟೇ ಪರದೆಯ ಮೇಲೆ ಬೇರೊಂದು ಊರಿನ ನೀರುಗಂಟಿಯ ಹಳೆಯ ಫೋಟೊ ತೋರಿಸಿದ್ದರು. ಆ ಟವೆಲ್ ನಮ್ಮ ಕೆರೆಯದೋ ಆ ಫೋಟೊದ್ದೋ ಹೇಳಲಾರದೆ ಹೋದೆ.

"ಯಾರನ್ನೋ ನೋಡಿದ ಹಾಗಿದೆ ಅಜ್ಜಿ. ಯಾರು ಅಂತ ಗೊತ್ತಿಲ್ಲ."

"ಅಧ್ಯಕ್ಷರೇ ಗೊತ್ತಿಲ್ಲ ಅಂದ್ಮೇಲೆ ಮುಗೀತು ಬಿಡಿ" ಎಂದರು ಯಜಮಾನರು.

ಅಜ್ಜಿಯ ಕೈ ಮಡಿಲಿಗೆ ಬಿತ್ತು. ಮುಂದಿನದು ನನ್ನಲ್ಲಿ ಕಲಸಿಹೋಗಿದೆ. ಕೋಲು ಹಿಡಿದದ್ದು ಎಡಗೈಯಲ್ಲಿ ಎಂದು ನಾನು ಹೇಳಿ, ಅದಕ್ಕೆ ಅಜ್ಜಿ "ನಮ್ಮಾವ ಎಡಚ!" ಎಂದು ಕೂಗಿರಬಹುದು. ಇಲ್ಲವೇ ಅಜ್ಜಿ ಮೊದಲು ಕೂಗಿ, ನನ್ನ ತಲೆಯೊಳಗಿನ ಗಂಡಸು ಅದೇ ಕ್ಷಣ ಕೈ ಬದಲಿಸಿರಬಹುದು. ಹೇಗೋ, "ಹೌದು, ಎಡಗೈ" ಎಂಬ ಮಾತು ಮೈಕಿನಲ್ಲಿ ನನ್ನ ದನಿಯಲ್ಲೇ ಕೇಳಿಸಿತು.

ಯಜಮಾನರು ನನ್ನನ್ನೇ ದಿಟ್ಟಿಸಿದರು. ಮಕ್ಕಳು ಇನ್ನೂ ನಿಂತೇ ಇದ್ದರು. "ಕೂತ್ಕೊಳ್ರೋ" ಎಂದು ಅವರನ್ನು ಗದರಿ, "ಆ ಮುದ್ಕ ಎಡಚ ಅನ್ನೋದು ನಂಗೂ ಗೊತ್ತು" ಎಂದು ತಾವೂ ಕೂತರು.

ಕೆರೆ ಹಬ್ಬದಲ್ಲಿ ಮೊದಲ ಬಾಗಿನವನ್ನು ಅಜ್ಜಿಯೇ ಬಿಟ್ಟರು. ಮೊರ ತೇಲಿಹೋಗದೆ ನೊರೆಗೆ ಅಂಟಿಕೊಂಡು ನಿಂತಿತು. ಸೆರಗಿನಿಂದ ಮೂಗು ಮುಚ್ಚಿಕೊಂಡೇ ಅವರು ಅದನ್ನು ತುಂಬ ಹೊತ್ತು ನೋಡಿದರು.

ಬೇಸಿಗೆಯಲ್ಲಿ ಹೂಳೆತ್ತಲು ಕೆರೆಯನ್ನು ಬರಿದು ಮಾಡಿದಾಗ ನಾನು ತೂಬಿನವರೆಗೆ ಇಳಿದುಹೋದೆ. ಕಂಬಗಳು ಹಾಗೇ ಇದ್ದವು. ಕಾಲಿಡಲು ಅಲ್ಲಿರುವುದು ಒಂದೇ ಚಪ್ಪಡಿ, ಅದೂ ಒಂದು ಮಗ್ಗುಲಿಗೆ. ಜಾರದಂತೆ ನಿಲ್ಲಲು ಬಲಗೈಯಿಂದ ಕಂಬವನ್ನು ಬಳಸಿ ಹಿಡಿಯದೆ ಗತಿಯಿಲ್ಲ. ನಾನು ನಿಂತು ನೋಡಿದೆ. ಹೂಳೆತ್ತುವ ಯಂತ್ರದ ಡ್ರೈವರನ್ನೂ ಕರೆದು ನಿಲ್ಲಿಸಿ ನೋಡಿದೆ. ಆ ತೂಬಿನ ಕೋಲನ್ನು ಯಾರೇ ಎತ್ತಲಿ, ಎಡಗೈಯಲ್ಲೇ ಎತ್ತಬೇಕು.