ಚುಕ್ಕಿ ಬೀಳದ ಒಂದು ತಗಡು

ಬೆಳಿಗ್ಗೆ ಆರೂ ಕಾಲು. ಓಣಿಯಲ್ಲಿ ಹಾಲಿನ ಅಂಗಡಿ ಬಿಟ್ಟರೆ ಬಾಗಿಲು ತೆರೆದಿರುವುದು ಇದೊಂದೇ. ಆರಡಿ ಅಗಲ, ಎಂಟಡಿ ಉದ್ದದ ಅಂಗಡಿ. ಒಳಗೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು. ಅರವತ್ತೊಂದು ವರ್ಷದ ಹೆಂಗಸೊಬ್ಬರು ಬಾಗಿಲ ಕಡೆ ಮುಖ ಮಾಡಿ ಕೂತು, ಬೀಗದೊಳಗಿನ ಕಡ್ಡಿಯಷ್ಟು ಸಣ್ಣ ತುಂಡೊಂದನ್ನು ಅರದಿಂದ ಉಜ್ಜುತ್ತಿದ್ದಾರೆ. ಎರಡು ಸಲ ಉಜ್ಜುವುದು, ಊದುವುದು, ಬೆಳಕಿಗೆ ಹಿಡಿಯುವುದು. "ಸ್ವಲ್ಪ ಆ ಕಡೆ ಸರೀರಿ, ಬೆಳಕಿಗೆ ಅಡ್ಡ ನಿಂತಿದ್ದೀರ," ಎನ್ನುತ್ತಾರೆ. ನನ್ನ ಜೊತೆ ಅವರಾಡಿದ ಮೊದಲ ಮಾತು ಇದು. ಪತ್ರಿಕೆಯವರು ಎಂದು ಹೇಳಿಕೊಂಡರೂ ರಿಯಾಯಿತಿ ಸಿಗಲಿಲ್ಲ.

ಓಣಿಯವರಿಗೆಲ್ಲ ಇವರು 'ಅರದಕ್ಕ'. ಅಪ್ಪನ ಕಸುಬು. ಇವರಿಗೆ ಹದಿನಾಲ್ಕು ವರ್ಷವಿದ್ದಾಗ ಅಪ್ಪನ ಕೈ ನಡುಗಲು ಶುರುವಾಗಿ ಅರ ಇವರ ಕೈಗೆ ಬಂತು. ದಿನಕ್ಕೆ ನಾಲ್ಕೈದು ಬೀಗ, ಹತ್ತು ಹನ್ನೆರಡು ಕೀಲಿ, ಎಂದಾದರೊಮ್ಮೆ ಒಂದು ಗಡಿಯಾರ. ಇವತ್ತಿಗೂ ಗಿರಾಕಿಗಳು ಒಳಗೆ ಇಣುಕಿ "ಬೀಗದೋರು ಇಲ್ವಾಮ್ಮ?" ಎಂದು ಕೇಳುತ್ತಾರೆ. "ಇದ್ದಾರೆ, ನಿಮ್ಮ ಹತ್ರಾನೇ ಮಾತಾಡ್ತಿದ್ದಾರೆ," ಎನ್ನುತ್ತಾರೆ ಅರದಕ್ಕ, ತಲೆ ಎತ್ತದೆ.

ನಿಜ ಹೇಳಬೇಕೆಂದರೆ ನಾನು ಹೊರಟಿದ್ದು ಇವರನ್ನು ಹುಡುಕಿಕೊಂಡಲ್ಲ. ಎಂಟು ತಿಂಗಳ ಹಿಂದೆ ತೀರಿಕೊಂಡ ಕಂಪೌಂಡರ್ ಅಜ್ಜನ ಬಗ್ಗೆ ಬರೆಯಬೇಕಿತ್ತು. ನಲವತ್ತು ವರ್ಷ ಆಸ್ಪತ್ರೆಯಲ್ಲಿ ಮದ್ದು ಕಟ್ಟಿಕೊಟ್ಟ ಆ ಮನುಷ್ಯ, ಹಳೆಯ ಸಾಮಾನಿನ ಹುಚ್ಚಿಗೆ ಬಿದ್ದು, ಮೂರು ಕೋಣೆ ತುಂಬ ಬೀಗ, ಪೆಟ್ಟಿಗೆ, ಗಡಿಯಾರ, ತಕ್ಕಡಿ, ಮಸಿಕುಡಿಕೆಗಳನ್ನು ಬಿಟ್ಟುಹೋಗಿದ್ದಾರೆ. ಅವರ ಮಗಳು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. "ಅಪ್ಪ ತಂದು ಗುಡ್ಡೆ ಹಾಕಿದ್ರು ಅಷ್ಟೇ. ಅವಕ್ಕೆ ಜೀವ ಕೊಟ್ಟಿದ್ದು ಅರದಕ್ಕ. ಮೊದ್ಲು ಅವರನ್ನ ನೋಡಿ ಬನ್ನಿ," ಎಂದು ಅವರೇ ಕಳಿಸಿದ್ದು.

ಅಜ್ಜನ ಹೆಸರೆತ್ತಿದರೆ ಅರದಕ್ಕನ ಮುಖ ಅರಳುತ್ತದೆ. ವಾರಕ್ಕೊಮ್ಮೆ ಸೈಕಲ್ಲಿಗೆ ಬಟ್ಟೆಚೀಲ ನೇತುಹಾಕಿಕೊಂಡು ಬರುತ್ತಿದ್ದರಂತೆ. ಚೀಲದಿಂದ ತುಕ್ಕು ಹಿಡಿದ ಬೀಗ ತೆಗೆದು, "ರೋಗಿ ತುಂಬ ಸೀರಿಯಸ್ಸು, ಇವತ್ತೇ ಅಡ್ಮಿಟ್ ಮಾಡ್ಕೊಳ್ಳಮ್ಮಾ," ಎನ್ನುತ್ತಿದ್ದರಂತೆ. ಮಾರಲು ಬಂದವರನ್ನು ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಇದನ್ನು ಕೊನೆಯ ಸಲ ಬಳಸಿದವರು ಯಾರು? ಉತ್ತರವನ್ನು ಮದ್ದಿನ ಬಾಟಲಿಯ ಚೀಟಿಯ ಮೇಲೆ ಬರೆದು ಒಳಗೆ ಅಂಟಿಸುವುದು ಅಭ್ಯಾಸ. ಒಂದು ತಕ್ಕಡಿಯ ಅಡಿಯಲ್ಲಿ ನಾನೇ ಓದಿದೆ: 'ಸೊಸೆಗೆ ಹೇಳದೆ ಮಾರಿದ ಅತ್ತೆ.' ಹೆಂಡತಿ ಬದುಕಿದ್ದಷ್ಟು ಕಾಲ ಗೊಣಗಿದರಂತೆ, ಮನೇಲಿ ಮನುಷ್ಯರು ಮಲಗೋಕೆ ಜಾಗ ಇಲ್ಲ, ಪೆಟ್ಟಿಗೆಗಳು ಮಾತ್ರ ಕಾಲು ಚಾಚ್ಕೊಂಡಿವೆ ಅಂತ. ಆದರೂ ಹಿತ್ತಾಳೆ ಸಾಮಾನಿನ ಧೂಳು ಒರೆಸುತ್ತಿದ್ದುದು ಆಕೆಯೇ.

ಅಜ್ಜನದು ಒಂದು ಕಟ್ಟುನಿಟ್ಟು ಇತ್ತು. ಅರದಕ್ಕ ಹೊಸದಾಗಿ ಮಾಡಿ ಹಾಕಿದ ಯಾವ ಭಾಗವೇ ಆಗಲಿ, ಅದರ ಹಿಂದೆ ಮೂರು ಸಣ್ಣ ಚುಕ್ಕಿ ಕುಟ್ಟಲೇಬೇಕು. "ಹೊಸದನ್ನ ಹಳೇದು ಅಂತ ನಂಬ್ಸಿದ್ರೆ ಅದು ರಿಪೇರಿ ಅಲ್ಲ, ಮೋಸ ಅಂತಿದ್ರು. ನೀರು ಬೆರ್ಸಿದ ಮದ್ದು ಇದ್ದ ಹಾಗೆ ಅಂತಿದ್ರು." ಇಪ್ಪತ್ತೇಳು ವರ್ಷದಲ್ಲಿ ನೂರ ಎಪ್ಪತ್ತಮೂರು ಸಾಮಾನಿಗೆ ಚುಕ್ಕಿ ಬಿದ್ದಿದೆ.

ಈಗ ಆ ಸಂಗ್ರಹವನ್ನೆಲ್ಲ ಪಟ್ಟಣದ ಮ್ಯೂಸಿಯಂ ತೆಗೆದುಕೊಂಡು, ಅಜ್ಜನ ಹೆಸರಿನಲ್ಲಿ ಒಂದು ಕೋಣೆ ಮಾಡಲು ಹೊರಟಿದೆ. ಶನಿವಾರ ಪರೀಕ್ಷಕರು ಬರುತ್ತಾರೆ. ಅವರು ಒಪ್ಪಿದರೆ ಕೋಣೆ. ಅನುಮಾನ ಬಂದರೆ ಒಂದೊಂದು ಸಾಮಾನು ಒಂದೊಂದು ವ್ಯಾಪಾರಿಯ ಪಾಲು. ಅಜ್ಜನ ಕೊನೆಯ ಆಸೆ ಆ ಕೋಣೆಯೇ.

ಇದನ್ನೆಲ್ಲ ಬರೆದುಕೊಂಡು, ಎಲ್ಲ ವರದಿಗಾರರೂ ಕೇಳುವ ಸಪ್ಪೆ ಪ್ರಶ್ನೆಯನ್ನೇ ನಾನೂ ಕೇಳುತ್ತೇನೆ: "ನೀವು ಮಾಡಿದ್ದರಲ್ಲಿ ಎಲ್ಲಕ್ಕಿಂತ ಚೆನ್ನಾಗಿರೋದು ಯಾವುದು?"

ಅರ ನಿಲ್ಲುತ್ತದೆ. "ಯಾಕೆ ಕೇಳಿದ್ರಿ? ಯಾರಾದ್ರೂ ಏನಾದ್ರೂ ಹೇಳಿದ್ರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಾನು ಪೆನ್ನು ಮುಚ್ಚಿಡುತ್ತೇನೆ. ಅವರು ಎದ್ದು, ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿ, ಗೋಡೆಯ ಗೂಡಿನಿಂದ ನಶ್ಯದ ಡಬ್ಬಿಯೊಂದನ್ನು ತೆಗೆಯುತ್ತಾರೆ. ಒಳಗೆ ಹತ್ತಿಯ ಮೇಲೆ ಎರಡು ತುಂಡು ಹಿತ್ತಾಳೆ ತಗಡು. ಜೋಡಿಸಿದರೆ ಎದುರುಬದುರು ಕೂತ ಎರಡು ಹಕ್ಕಿ, ನಡುವೆ ಕೀಲಿಯ ತೂತು. ಒಂದು ಹಕ್ಕಿಯ ಕತ್ತು ಮುರಿದಿದೆ.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಅಜ್ಜ ಮರದ ಪೆಟ್ಟಿಗೆಯೊಂದನ್ನು ತಂದು, ಬೀಗ ಕಚ್ಚಿಕೊಂಡಿದೆ, ಬಿಡಿಸಿಕೊಡು ಎಂದಿದ್ದರು. ಬೀಗ ಬಿಡಿಸಲು ಅರದಕ್ಕ ಈ ತಗಡನ್ನು ಬಿಚ್ಚಿ, ತಿರುಪಿನಿಂದ ಬಿಗಿದು ಹಿಡಿಯುವ ವೈಸಿಗೆ ಕೊಟ್ಟರು. ವೈಸಿನ ಬಾಯಿಗೆ ಚರ್ಮದ ತುಂಡು ಇಟ್ಟು ಹಿಡಿಯುವುದು ಅಪ್ಪ ಕಲಿಸಿದ ಮೊದಲ ಪಾಠ. ಅವತ್ತು ಅದೊಂದು ಮರೆತುಹೋಯಿತು. "ಚಟ್ ಅಂತು. ಅಷ್ಟೇ. ನನ್ನ ಜೀವ ಬಾಯಿಗೆ ಬಂತು."

ಬೆಸೆದರೆ ಗೆರೆ ಕಾಣುತ್ತದೆ. ಹೊಸ ಹಿತ್ತಾಳೆಯಲ್ಲಿ ಮಾಡಿದರೆ ಬಣ್ಣ ಹೊಂದದು. ಕೊನೆಗೆ ತಮ್ಮ ತಾಯಿ ಬಿಟ್ಟುಹೋದ ಹಳೆಯ ಹಿತ್ತಾಳೆ ತಟ್ಟೆಯನ್ನು ಕತ್ತರಿಸಿ, ಹನ್ನೊಂದು ದಿನ ಕೂತು, ಅಂಥದ್ದೇ ಇನ್ನೊಂದು ಮಾಡಿ ಕೂರಿಸಿದರು. ಚುಕ್ಕಿ ಕುಟ್ಟಲಿಲ್ಲ. ಕುಟ್ಟಿದರೆ ಯಾಕೆ ಎಂದು ಹೇಳಬೇಕಲ್ಲ! ಅಜ್ಜನಿಗೆ ಗೊತ್ತಾಗಲೇ ಇಲ್ಲ. ಮನೆಗೆ ಬಂದವರಿಗೆಲ್ಲ ಅವರು ಮೊದಲು ತೋರಿಸುತ್ತಿದ್ದುದು ಅದೇ ತಗಡು.

"ಇಂಥ ಕೈ ಈಗೆಲ್ಲಿದೆ ನೋಡಮ್ಮಾ ಅಂತ ನನಗೇ ತೋರ್ಸೋರು. ನಾನು ಹೂಂ ಅಂತಿದ್ದೆ. ಮೂರು ಸಲ ಹೇಳ್ಬೇಕು ಅಂತ ಹೋದೆ. ಕೊನೇ ಸಲ ಆಸ್ಪತ್ರೇಲಿ. ಬಾಯಿ ತೆಗೆಯೋ ಅಷ್ಟ್ರಲ್ಲಿ ಅವರೇ, ಪೆಟ್ಟಿಗೆ ಬೀಗಕ್ಕೆ ಎಣ್ಣೆ ಬಿಟ್ಯಾ ಅಂತ ಕೇಳಿದ್ರು. ಬಿಟ್ಟೆ ಅಂದೆ. ಎದ್ದು ಬಂದೆ."

ಹೇಳಿದರೆ ಅಜ್ಜನ ಕೋಣೆ ಕೈತಪ್ಪಬಹುದು. ಹೇಳದಿದ್ದರೆ ಅಜ್ಜನ ಹೆಸರಿನ ಕೆಳಗೇ ಅಜ್ಜ ಹೇಸುತ್ತಿದ್ದ ಮೋಸ ಕೂರುತ್ತದೆ. ನುಂಗಲಾರದ, ಉಗುಳಲಾರದ ಬಿಸಿತುಪ್ಪ. "ಬರೀಬೇಡಿ, ಮೊದ್ಲು ನಾನೇ ಟೀಚರಮ್ಮಂಗೆ ಹೇಳ್ಬೇಕು," ಎನ್ನುತ್ತಾರೆ. ಒಪ್ಪುತ್ತೇನೆ. ಆ ಕ್ಷಣದಿಂದ ಅವರ ಭಯದಲ್ಲಿ ಅರ್ಧ ನನ್ನದೂ. ಬುಧವಾರ ಫೋನ್ ಮಾಡಿದರೆ "ಇವತ್ತು ಹೇಳ್ತೀನಿ." ಗುರುವಾರ "ಪಾಪ, ಅವರಿಗೆ ಪರೀಕ್ಷೆ ಪೇಪರ್ ತಿದ್ದೋದಿದೆ." ಶುಕ್ರವಾರ ಫೋನನ್ನೇ ಎತ್ತುವುದಿಲ್ಲ.

ಶನಿವಾರ ಒಂಬತ್ತಕ್ಕೆ ಅಜ್ಜನ ಮನೆಗೆ ಪರೀಕ್ಷಕರು ಬರುತ್ತಾರೆ. ಮಾತು ಕಡಿಮೆ, ಕಣ್ಣಿಗೆ ಭೂತಗನ್ನಡಿ. ಟೀಚರು ಕೊಟ್ಟ ಕಾಫಿ ಆರುತ್ತಿದೆ. ಬಾಗಿಲ ಸಂದಿಯಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತ ಅರದಕ್ಕನನ್ನು ನೋಡಲು ನನಗೆ ಧೈರ್ಯವಿಲ್ಲ. ಪೆಟ್ಟಿಗೆಯ ಮುಂದೆ ಪರೀಕ್ಷಕರು ಬಾಗಿದವರು ಏಳುವುದೇ ಇಲ್ಲ. ಕೊನೆಗೆ, "ಎಂಥಾ ಕೆಲಸ! ಇದನ್ನ ಕೋಣೆಯ ಬಾಗಿಲಲ್ಲೇ ಇಡೋಣ," ಎನ್ನುತ್ತಾರೆ.

"ಅದು ನಾನು ಮಾಡಿದ್ದು," ಎನ್ನುತ್ತಾರೆ ಅರದಕ್ಕ. ಯಾರಿಗೂ ಕೇಳಿಸುವುದಿಲ್ಲ. ಎರಡನೇ ಸಲ ಜೋರಾಗಿ ಹೇಳುತ್ತಾರೆ.

ಪರೀಕ್ಷಕರು ನಗುತ್ತಾರೆ. "ಇಲ್ಲಮ್ಮ, ಈ ಲೋಹ ತುಂಬ ಹಳೇದು."

"ಲೋಹ ಹಳೇದೇ ಸಾರ್. ನಮ್ಮಮ್ಮನ ತಟ್ಟೆ."

ನಶ್ಯದ ಡಬ್ಬಿ ಮೇಜಿನ ಮೇಲೆ ಬರುತ್ತದೆ. ಎರಡು ತುಂಡುಗಳನ್ನು ಭೂತಗನ್ನಡಿಯಲ್ಲಿ ನೋಡಿದ ಪರೀಕ್ಷಕರು, ತಮ್ಮ ಪುಸ್ತಕ ಮುಚ್ಚುತ್ತಾರೆ. "ಒಂದು ಹೀಗಿದೆ ಅಂದ್ಮೇಲೆ ಉಳಿದಿದ್ದನ್ನ ನಾನು ಹೇಗೆ ನಂಬ್ಲಿ?"

ಟೀಚರು ಮುರಿದ ತುಂಡುಗಳನ್ನು ಕೈಗೆತ್ತಿಕೊಳ್ಳುತ್ತಾರೆ. "ಹತ್ತೊಂಬತ್ತು ವರ್ಷ ಅಕ್ಕಾ! ಅಪ್ಪಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಎಷ್ಟು ಬೇಕಾದ್ರೂ ಬೈರಿ. ತಪ್ಪು ನಂದು, ಅವರದಲ್ಲ. ಸಾರ್, ಉಳಿದಿದ್ದನ್ನೆಲ್ಲ ತಿರುಗ್ಸಿ ನೋಡಿ, ನಾನು ಹೊಸದಾಗಿ ಹಾಕಿದ್ದರ ಹಿಂದೆಲ್ಲ ಮೂರು ಚುಕ್ಕಿ ಇದೆ. ನಾನು ಮುಟ್ಟಿದ್ದು ಯಾವುದು ಅಂತ ನೀವು ನೋಡೋಕೆ ಮುಂಚೆ ಹೇಳ್ತೀನಿ. ಒಂದು ತಪ್ಪಿದ್ರೂ ಎಲ್ಲಾ ಬಿಟ್ಟು ಹೋಗಿ."

ಹಾಗೆ ಶುರುವಾಗುತ್ತದೆ. "ಈ ಗಡಿಯಾರದ ಎರಡನೇ ಚಕ್ರ ನಂದು." ಬಿಚ್ಚಿದರೆ ಮೂರು ಚುಕ್ಕಿ. "ಈ ಬೀಗದ ನಾಲಗೆ." ಮೂರು ಚುಕ್ಕಿ. ಮಧ್ಯಾಹ್ನದ ಊಟ ಯಾರಿಗೂ ನೆನಪಾಗುವುದಿಲ್ಲ. ನೂರಾ ನಲವತ್ತನೆಯದೋ ಏನೋ, ಒಂದು ಗೋಡೆ ಗಡಿಯಾರದ ಹಿಂದೆ ಏನೂ ಕಾಣುವುದಿಲ್ಲ. ಪರೀಕ್ಷಕರು ತಲೆ ಅಲ್ಲಾಡಿಸುತ್ತಾರೆ. "ಜಿಡ್ಡು ಕೂತಿದೆ ಸಾರ್," ಎನ್ನುತ್ತಾರೆ ಅರದಕ್ಕ. ಟೀಚರೇ ಎದ್ದು, ಬಟ್ಟೆಗೆ ಸೀಮೆಎಣ್ಣೆ ಸುರಿದುಕೊಂಡು, ಅಪ್ಪನ ಬೆನ್ನು ತಿಕ್ಕುವಷ್ಟು ಜೋಪಾನವಾಗಿ ಜಿಡ್ಡನ್ನು ತಿಕ್ಕುತ್ತಾರೆ. ಒಂದು ಚುಕ್ಕಿ. ಎರಡು. ಮೂರನೆಯದಕ್ಕೆ ಇನ್ನೂ ಸ್ವಲ್ಪ ತಿಕ್ಕಬೇಕಾಗುತ್ತದೆ. ಅದೂ ಇದೆ.

ಸಂಜೆ ನಾಲ್ಕೂವರೆಗೆ ಎಲ್ಲ ಮುಗಿಯುತ್ತದೆ. ಒಂದೂ ತಪ್ಪಿಲ್ಲ. ಪರೀಕ್ಷಕರು ಪುಸ್ತಕ ತೆರೆದು ಸಹಿ ಮಾಡುತ್ತಾರೆ. ಅಜ್ಜನ ಕೋಣೆ ಆಗುತ್ತದೆ. ಪೆಟ್ಟಿಗೆ ಬಾಗಿಲಲ್ಲೇ ಇರುತ್ತದೆ, ಮುರಿದ ತಗಡು ಅದರ ಪಕ್ಕದಲ್ಲಿ. ಟೀಚರು ಅರದಕ್ಕನ ಕಡೆ ಇನ್ನೂ ಸರಿಯಾಗಿ ನೋಡಿಲ್ಲ. ಆದರೆ ಊಟಕ್ಕೆ ತಟ್ಟೆ ಹಾಕುವಾಗ ಅವರಿಗೂ ಒಂದು ಹಾಕಿದ್ದಾರೆ.

"ಪೆಟ್ಟಿಗೆ ಮುಂದೆ ಒಂದು ಫಲಕ ಹಾಕ್ತೀವಿ. ನಿಮ್ಮ ಹೆಸರು ಹೇಳಿ," ಎನ್ನುತ್ತಾರೆ ಪರೀಕ್ಷಕರು ಪೆನ್ನು ಹಿಡಿದು.

ಅರದಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ. "ಹೆಸರು ಬೇಡ ಸಾರ್. ಮುರಿದವಳೇ ಮಾಡಿದ್ದು ಅಂತ ಬರೀರಿ."