ಶಾಲಿನಿಯ ಸೀಟು, ನನ್ನ ಮಣಿಕಟ್ಟು

ಲೋಕಲ್‌ ರೈಲಿನಲ್ಲಿ ನೀವು ಎಂದಾದರೂ ಗೆಳತಿಗಾಗಿ ಸೀಟು ಹಿಡಿದಿದ್ದೀರಾ? ನಾನು ಹಿಡಿದೆ. ಬಲಗೈ ಕಳೆದುಕೊಳ್ಳುವುದೊಂದು ಬಾಕಿ ಇತ್ತು.

ನಮ್ಮ ಲೇಡೀಸ್ ಡಬ್ಬಿಯಲ್ಲಿ ಒಂದು ಕಟ್ಟುಪಾಡಿದೆ. ಗಾಡಿ ಹೊರಡುವ ವಿ.ಟಿ.ಯಲ್ಲಿ ಹತ್ತಿದವಳು ಮುಂದೆ ದಾದರಿನಲ್ಲಿ ಹತ್ತುವವಳಿಗೆ ಜಾಗ ಇಡಬೇಕು. ಕೆಲವರು ಪರ್ಸ್ ಇಡುತ್ತಾರೆ. ನಾನು ಪಕ್ಕದ ಸೀಟಿನ ಬೆನ್ನುಹಲಗೆಯ ಮೇಲೆ ತೋಳನ್ನೇ ಚಾಚಿಬಿಡುತ್ತೇನೆ (ಪರ್ಸನ್ನು ಎತ್ತಿಡಬಹುದು, ತೋಳನ್ನು ಎತ್ತಿಡುವ ಧೈರ್ಯ ಯಾರಿಗಿದೆ?). ಹೋದ ತಿಂಗಳು ಹಾಗೆಯೇ ಶಾಲಿನಿಗೆ ಸೀಟು ಹಿಡಿದೆ. ದಿನವಿಡೀ ಟೈಪ್ ಮಾಡಿ ದಣಿದಿದ್ದೆ. ಗಾಡಿ ಬಿಡುವ ಮೊದಲೇ ನಿದ್ದೆ ಬಂತು.

ಶಾಲಿನಿ ಅಂದು ರಜೆಯಲ್ಲಿದ್ದಳು. ನನಗೂ ಗೊತ್ತಿಲ್ಲ, ಡಬ್ಬಿಯ ಹೆಂಗಸರಿಗೂ ಗೊತ್ತಿಲ್ಲ. ಅವಳ ಸೀಟೆಂದು ಯಾರೂ ನನ್ನ ತೋಳನ್ನು ಮುಟ್ಟಲಿಲ್ಲ. "ಉಠಾ ಬಾಯಿ, ಭಾಂಡುಪ್ ಆಲಂ" ಎಂದು, ನಾನು ಇಳಿಯುವ ಭಾಂಡುಪ್ ಬಂತೆಂದು, ಒಬ್ಬಾಕೆ ಅಲುಗಾಡಿಸಿದಾಗ ನಾನು ಎದ್ದೆ. ಕೈ ಏಳಲಿಲ್ಲ. ಮಣಿಕಟ್ಟಿನಿಂದ ಕೆಳಕ್ಕೆ ಜೋತುಬಿದ್ದಿತ್ತು.

ಮನೆಯಲ್ಲಿ ನಮ್ಮವರು ಗಾಬರಿಯಾದರು. "ಎತ್ತು ನೋಡೂಣು."

"ಏಳವಲ್ದು."

ಲಕ್ವಾ ಎಂದು ಇಬ್ಬರಿಗೂ ಅನಿಸಿತು. ಆಫೀಸಿನಲ್ಲಿ ನಾನಿನ್ನೂ ಟೆಂಪರರಿ. ಕೈ ಏಳದ ಟೈಪಿಸ್ಟನ್ನು ಯಾರು ಇಟ್ಟುಕೊಳ್ಳುತ್ತಾರೆ? ಮರುದಿನ ವಡಾಲದ ಡಾಕ್ಟರರಲ್ಲಿಗೆ ಹೋಗುವ ದಾರಿಯುದ್ದಕ್ಕೂ ಅತ್ತೆ.

ಡಾಕ್ಟರು ಮಂಗಳೂರು ಕಡೆಯವರು. "ಎಂತ ಅಳುವುದು? ಮುಖ ಸರಿ ಉಂಟು, ಕಾಲು ಸರಿ ಉಂಟು. ಲಕ್ವಾ ಅಲ್ಲ. ಕೈ ಎಲ್ಲಿಟ್ಟು ನಿದ್ದೆ ಮಾಡಿದ್ರಿ?" ಎಂದರು. ಹೇಳಿದೆ. ನಕ್ಕರು.

ತೋಳಿನ ಎಲುಬಿನ ಹಿಂದಿನಿಂದ ಒಂದು ನರ ಸುತ್ತಿಕೊಂಡು ಇಳಿಯುತ್ತದಂತೆ. ರೇಡಿಯಲ್ ಎಂದು ಹೆಸರು. ಮಣಿಕಟ್ಟನ್ನೂ ಬೆರಳುಗಳನ್ನೂ ಮೇಲೆತ್ತುವ ಸ್ನಾಯುಗಳಿಗೆ ಅದರದೇ ಅಪ್ಪಣೆ. ಹಲಗೆಗೂ ಎಲುಬಿಗೂ ನಡುವೆ ಸಿಕ್ಕಿ ಅದು ಒತ್ತಿಹೋಗಿತ್ತು.

"ನನ್ನ ಬೆರಳು ಹಿಡಿಯಿರಿ ನೋಡುವಾ." ಹಿಡಿದೆ. ಬಲವೇ ಇಲ್ಲ. ಆಮೇಲೆ ಅವರು ಇನ್ನೊಂದು ಕೈಯಿಂದ ನನ್ನ ಮಣಿಕಟ್ಟನ್ನು ಎತ್ತಿ ಹಿಡಿದರು. "ಈಗ?" ಈಗ ಅವರ ಬೆರಳು ಕೆಂಪಾಯಿತು.

ಮುಷ್ಟಿ ಕಟ್ಟುವ ಸ್ನಾಯುಗಳಿರುವುದು ಮುಂಗೈಯ ಒಳಬದಿಯಲ್ಲಿ. ಅವಕ್ಕೆ ಏನೂ ಆಗಿರಲಿಲ್ಲ. ಆದರೆ ಹೊರಬದಿಯವು ಮಣಿಕಟ್ಟನ್ನು ಎತ್ತಿ ಹಿಡಿಯದಿದ್ದರೆ ಇವುಗಳ ಆಟ ನಡೆಯದು. ಮುಷ್ಟಿಯ ಗಟ್ಟಿತನ ಅದರ ಬೆನ್ನಿಗಿದ್ದವರದು ಎಂದು ನನಗೆ ಯಾವ ಶಾಲೆಯಲ್ಲೂ ಹೇಳಿಕೊಟ್ಟಿರಲಿಲ್ಲ. ನಿಮಗೆ?

ಮಣಿಕಟ್ಟಿಗೆ ಹಲಗೆಪಟ್ಟಿ ಕಟ್ಟಿದರು. ಕೆಲವು ವಾರಗಳಲ್ಲಿ ತಾನಾಗಿಯೇ ಏಳುತ್ತದೆ ಎಂದರು. ಮುಂದಿನ ತಿಂಗಳ ಕೊನೆಯವರೆಗೆ ಕಾಯುತ್ತೇವೆ ಎಂದಿತು ಆಫೀಸು.

ಆದರೆ ಜೋಳದ ರೊಟ್ಟಿ? ಬಡಿಯುವಾಗ ಪ್ರತಿ ಏಟಿಗೂ ಅಂಗೈ ಮೇಲೇಳಬೇಕು. ನಮ್ಮವರಿಗೋ ಅನ್ನ ಸೇರದು. ಒಂದೆರಡು ದಿನ ಉಡುಪಿ ಹೋಟೆಲಿನಲ್ಲಿ ಉಂಡು ಬಂದವರು, ಒಂದು ಸಂಜೆ ಫ್ಯಾಕ್ಟರಿಯಿಂದ ಬಂದವರೇ ಹಿಟ್ಟಿನ ಮುಂದೆ ಕುಳಿತರು.

"ನೀ ಹೇಳು, ನಾ ಬಡೀತೀನಿ."

"ಕುದಿನೀರು ಹಾಕಿ ನಾದ್ರಿ."

"ಗೊತ್ತೈತಿ ಬಿಡು."

ಗೊತ್ತಿರಲಿಲ್ಲ. ಮೊದಲ ವಾರದ ರೊಟ್ಟಿಗಳು ಹಂಚಿಗೆ ಹೋಗುವ ದಾರಿಯಲ್ಲೇ ಹರಿದವು. ಹರಿದದ್ದನ್ನೇ ಇಬ್ಬರೂ ತಿಂದೆವು.

ಮೊನ್ನೆ ಸಂಜೆ ಪಟ್ಟಿ ಬಿಚ್ಚಿ ಕೈ ತೊಳೆಯುತ್ತಿದ್ದೆ. ಮಣಿಕಟ್ಟು ಎದ್ದು ನಿಂತಿತು. ಇಳಿಸಿದೆ, ಮತ್ತೆ ಎತ್ತಿದೆ. ಕಣ್ಣು ತುಂಬಿತು. ನೌಕರಿ ಉಳಿಯಿತು, ಒಂದನೇ ತಾರೀಖಿಗೆ ಹಾಜರಾಗಬಹುದು.

ಹೇಳಲೆಂದು ಒಳಗೆ ಓಡಿದೆ. ಸ್ಟೋವಿನ ಮುಂದೆ ನಮ್ಮವರು ಬೆವರು ಸುರಿಸುತ್ತ ಕುಳಿತಿದ್ದರು. ಹಂಚಿನ ಮೇಲೆ ರೊಟ್ಟಿ ಪೂರಾ ಉಬ್ಬಿತ್ತು. ಅವರ ಕೈಯಲ್ಲಿ ಅದೇ ಮೊದಲು.

"ನೋಡಿಲ್ಲೆ, ಹೆಂಗ ಉಬ್ಬೇತಿ" ಎಂದರು.

ಆ ಮುಖ ನೋಡಿದ ಮೇಲೆ ಹೇಳಲು ಮನಸ್ಸು ಬರಲಿಲ್ಲ. ಕೈಯನ್ನು ಸೆರಗಿನೊಳಗೆ ಇಳಿಬಿಟ್ಟು ತಟ್ಟೆಯ ಮುಂದೆ ಕುಳಿತೆ. ಒಂದನೇ ತಾರೀಖಿನವರೆಗೆ ಹೀಗೇ ನಡೆಯಲಿ ಎಂದುಕೊಂಡಿದ್ದೇನೆ. ಇದನ್ನು ಬರೆಯುತ್ತಿರುವುದೂ ಅದೇ ಬಲಗೈ (ಅವರು ಶಿಫ್ಟಿಗೆ ಹೋಗಿದ್ದಾರೆ). ಸಿಕ್ಕಿಬೀಳುವ ಭಯವಿಲ್ಲವೇ ಎನ್ನುತ್ತೀರಾ?

ನಮ್ಮವರು ನನ್ನ ಅಂಕಣವನ್ನು ಒಂದು ವಾರವೂ ಓದಿದವರಲ್ಲ. ಅದು ನನಗೆ ಇಷ್ಟು ಸಂತೋಷ ಕೊಟ್ಟದ್ದು ಇದೇ ಮೊದಲು.