ಇನ್ನೆರಡು ದಿನ

ನನ್ನ ಅಣ್ಣ ಲ್ಯಾಂಟಿ ನಡೆಯಲು ಕಲಿತಂದಿನಿಂದ ಕುರಿಗಳ ಹಿಂದೆಯೇ ಇದ್ದವನು. ಅವನು ಮದುವೆಯಾಗಲಿಲ್ಲ, ನಾನೂ ಆಗಲಿಲ್ಲ. ನ್ಯಾಬ್ ಬೆಟ್ಟದ ಬುಡದ ಮನೆಯಲ್ಲಿ ನಾವಿಬ್ಬರೇ. ಅವನದು ಮಾತು ಕಡಿಮೆ. ಅವನ ಪಾಲಿನದನ್ನೂ ಸೇರಿಸಿ ನಾನೇ ಆಡುತ್ತಿದ್ದೆ.

ಆ ವರ್ಷ ಕ್ರಿಸ್‌ಮಸ್ ಕಳೆದ ವಾರ ನಮ್ಮ ಮುಂದಾಳು ಕುರಿ ಹುಲ್ಲಿನ ಆಸೆಗೆ ಕಡಿದಾದ ಬಂಡೆಯ ನಡುವೆ ಹೊರಚಾಚಿದ ಒಂದು ಕಿರಿದಾದ ಕಲ್ಲಿಗೆ ಹಾರಿ, ಮೇಲೆ ಹತ್ತಲಾಗದೆ ನಿಂತುಬಿಟ್ಟಿತು. ಹಿಮ ಬೀಳುವ ಮೊದಲೇ ಮಂದೆಯನ್ನು ತಗ್ಗಿಗೆ ಕರೆತರುತ್ತಿದ್ದ ಕುರಿ ಅದು. ಅದರ ಕೂಗು ಊರಿಗೆಲ್ಲ ಕೇಳುತ್ತಿತ್ತು.

"ಹೋಗಿ ತರಲ್ವಾ?" ಎಂದೆ.

"ಈಗ ಹೋದ್ರೆ ಹೆದರಿ ಕೆಳಗೆ ಹಾರತ್ತೆ. ಅಲ್ಲಿರೋ ಹುಲ್ಲು ಮುಗೀಲಿ. ಹಸಿದು ಕಾಲು ಸೋಲಬೇಕು, ಆಗ ಹಿಡಿಯಕ್ಕೆ ಸಿಗತ್ತೆ. ಇನ್ನೆರಡು ದಿನ."

ನಮ್ಮ ಕಂಬರ್‌ಲ್ಯಾಂಡಿನ ಬೆಟ್ಟಗಳಲ್ಲಿ ಕುರಿ ಕಾಯುವವರೆಲ್ಲ ಮಾಡುವುದೇ ಹಾಗೆ. ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಮರುದಿನ ಬೆಳಿಗ್ಗೆ ಓಟ್ಸ್ ಗಂಜಿ ಬಡಿಸುವಾಗ ಆ ಕೂಗು ಕೇಳಿ ತಡೆಯಲಾಗಲಿಲ್ಲ.

"ನಿಂಗೆ ಬಿಸಿ ಗಂಜಿ, ಅದಕ್ಕೆ ಬರೀ ಕಲ್ಲು. ಮಂಡಿ ನೋವು, ಹತ್ತಕ್ಕಾಗಲ್ಲ ಅಂತ ಹೇಳ್ಬಿಡು ಮಾರಾಯ. ಸುಮ್ನೆ ಕುರಿ ಮೇಲೆ ಯಾಕೆ ಹಾಕ್ತೀಯ?"

ಅವನು ಚಮಚ ಕೆಳಗಿಟ್ಟ. ಎದ್ದು ಹಗ್ಗ ತೆಗೆದುಕೊಂಡ.

ನೆರೆಮನೆಯ ಐಕ್ ಬಂದ. ನಾನೂ ಹೊರಟೆ. ಕೊನೆಯ ಕಲ್ಲುಗೋಡೆ ದಾಟಿದ ಮೇಲೆ ದಾರಿಯೆಲ್ಲ ಹೆಪ್ಪುಗಟ್ಟಿ ಗಾಜಿನಂತಾಗಿತ್ತು. ಬಂಡೆಗಳನ್ನು ತಬ್ಬಿಕೊಂಡು ಹತ್ತಬೇಕಾಯಿತು.

"ಡೈನಾ, ನೀನು ಹಿಂದೆ ಬಾ," ಎಂದ ಐಕ್. "ನಾನು ಜಾರಿದ್ರೆ ಕೆಳಗೆ ಮೆತ್ತಗಿರೋದು ಏನಾದ್ರೂ ಬೇಕಲ್ಲ."

"ಮೆತ್ತಗಿರೋದೇ ಬೇಕು ಅಂದ್ರೆ ನಿನ್ನ ತಲೆ ಇದೆಯಲ್ಲೋ."

ಲ್ಯಾಂಟಿ ನಗಲಿಲ್ಲ. ಬಂಡೆಯ ನೆತ್ತಿಯಲ್ಲಿ ಬೋರಲಾಗಿ ಮಲಗಿ ಬಹಳ ಹೊತ್ತು ಕೆಳಗೆ ನೋಡಿದ.

"ಕುರಿ ಇನ್ನೂ ಗಟ್ಟಿಯಾಗಿದೆ, ಕಾಲು ಸೋತಿಲ್ಲ."

"ಹಾಗಾದ್ರೆ ವಾಪಸ್ ಹೋಗೋಣ್ವಾ?" ಎಂದ ಐಕ್.

ಲ್ಯಾಂಟಿ ತಿರುಗಿ ನನ್ನ ಮುಖ ನೋಡಿದ. "ಬಾ, ಹೋಗೋಣ" ಎಂದು ನಾನು ಅಂದಿದ್ದರೆ ಸಾಕಿತ್ತು. ನಾನು ಬಗ್ಗಿ ಹಗ್ಗದ ಸಿಕ್ಕು ಬಿಡಿಸತೊಡಗಿದೆ.

ಐಕ್ ಹಗ್ಗ ಹಿಡಿದ, ಅಣ್ಣ ಇಳಿದ. ಇನ್ನೆರಡು ಮಾರು ಇದೆ ಎನ್ನುವಾಗ ಕುರಿ ಕತ್ತೆತ್ತಿ ಅವನನ್ನು ನೋಡಿತು. ಮೇಕೆಮರಿಯಷ್ಟು ಹಗುರವಾಗಿ ಪ್ರಪಾತಕ್ಕೆ ಹಾರಿತು. ಕೆಳಗೆ ಕಲ್ಲುಗಳು ಉರುಳಿದ ಸದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಅವನು ಮೇಲೆ ಬಂದು ಹಗ್ಗ ಸುತ್ತಿದ. ಆಗಲೂ ಸರಿ, ಆಮೇಲೂ ಸರಿ, ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆನೇನೋ.

ಆಮೇಲೆ ಲ್ಯಾಂಟಿ ಹತ್ತೊಂಬತ್ತು ಚಳಿಗಾಲ ಬದುಕಿದ. ಎಷ್ಟೋ ಕುರಿಗಳು ಬಂಡೆಯಲ್ಲಿ ಸಿಕ್ಕಿಕೊಂಡವು. ಮೊದಲೆಲ್ಲ ಅಂಗಳದಲ್ಲಿ ನಿಂತು ಕೂಗು ಕೇಳಿಯೇ ಯಾವ ದಿನ ಹೋಗಬೇಕೆಂದು ಹೇಳುತ್ತಿದ್ದವನು, ಈಗ ಟೋಪಿ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬರುತ್ತಿದ್ದ.

"ಡೈನಾ, ಇವತ್ತು ಹೋಗ್ಲಾ?"

ಚುಚ್ಚುಮಾತಲ್ಲ, ನಿಜವಾಗಿಯೇ ಕೇಳುತ್ತಿದ್ದ.

"ನಿಂಗೇ ಗೊತ್ತಲ್ಲ ಲ್ಯಾಂಟಿ," ಎನ್ನುತ್ತಿದ್ದೆ. ಅವನು ಅಲ್ಲೇ ನಿಂತಿರುತ್ತಿದ್ದ. ಕೊನೆಗೆ ನಾನೇ ಯಾವುದೋ ಒಂದು ದಿನ ಹೇಳುತ್ತಿದ್ದೆ, ಅವನು ಆ ದಿನ ಹೋಗುತ್ತಿದ್ದ.